ಗುಜರಿಯೊಳಗಿನ ಲೋಹವನ್ನು ವಿದ್ಯುತ್ತು ಆರಿಸುವ ಬಗೆ

ಗುಂಡ್ಲುಪೇಟೆಯ ಕೊಳವೆಬಾವಿಗಳಿಗೆ ಇಳಿಬಿಟ್ಟಿರುವ ಪಂಪುಗಳ ಮೋಟಾರಿನೊಳಗೆ ಸುತ್ತಿರುವ ತಾಮ್ರದ ತಂತಿ ಬಹಳ ಶುದ್ಧವಾದ ಲೋಹ. ಅದರಲ್ಲಿ ತಾಮ್ರದ ಪಾಲು ಶೇಕಡಾ 99.9ಕ್ಕಿಂತ ಹೆಚ್ಚು. ಬೇರೆ ಲೋಹ ಅತ್ಯಲ್ಪ ಬೆರೆತರೂ ವಿದ್ಯುತ್ತನ್ನು ಸಾಗಿಸುವ ತಂತಿಯ ಶಕ್ತಿ ಕುಗ್ಗಿ ಮೋಟಾರು ಬೇಗ ಬಿಸಿಯೇರುವುದರಿಂದ ಇಷ್ಟು ಶುದ್ಧಿ ಬೇಕೇ ಬೇಕು. ಕುಲುಮೆಯ ಬೆಂಕಿಯೊಂದರಿಂದಲೇ ಅದು ದೊರೆಯುವುದು ಕಷ್ಟ. ಆದಕಾರಣ ಜಗತ್ತಿನಲ್ಲಿ ವಿದ್ಯುತ್ ತಂತಿಗೆ ಬಳಕೆಯಾಗುವ ತಾಮ್ರವು ಬಹುಮಟ್ಟಿಗೆ ಆಮ್ಲದ ತೊಟ್ಟಿಯಲ್ಲಿ, ವಿದ್ಯುತ್ತಿನ ಬಲದಿಂದ, ತಟ್ಟೆಯ ಮೇಲೆ ಪದರ ಪದರವಾಗಿ ಕೂತು ಹೊರಬಂದಿರುತ್ತದೆ. ಇಂಗ್ಲೆಂಡಿನ ಜೇಮ್ಸ್ ಎಲ್ಕಿಂಗ್ಟನ್ ಈ ವಿಧಾನಕ್ಕೆ 1865ರಲ್ಲಿ ಪೇಟೆಂಟ್ ಪಡೆದನು. ಕೆಲವೇ ವರ್ಷಗಳಲ್ಲಿ ವೇಲ್ಸ್ ನಾಡಿನ ಪೆಂಬ್ರಿಯಲ್ಲಿ ಅದರ ಕಾರ್ಖಾನೆ ಎದ್ದಿತು. ಗಣಿಯ ತಾಮ್ರಕ್ಕಾಗಿ ಹುಟ್ಟಿದ ಆ ವಿಧಾನವೇ ಇಂದು ಗುಜರಿಯಿಂದ, ಕೆಟ್ಟ ಬ್ಯಾಟರಿಯಿಂದ, ಸವೆದ ಕಲ್ಲುಗಣಿ ಸಲಕರಣೆಯಿಂದ ಲೋಹವನ್ನು ಬಿಡಿಸಿಕೊಡಬಲ್ಲದು. ಚಾಮರಾಜನಗರ ಜಿಲ್ಲೆಯಲ್ಲಿ ಇಂಥ ಗುಜರಿ ಎಲ್ಲೆಲ್ಲಿ ಹುಟ್ಟುತ್ತದೆ, ಅದರಲ್ಲಿನ ಲೋಹವನ್ನು ವಿದ್ಯುತ್ತು ಹೇಗೆ ಆರಿಸುತ್ತದೆ, ಎಲ್ಲಿ ಸೋಲುತ್ತದೆ ಎಂಬುದೇ ಈ ಭಾಷಣದ ವಿಷಯ.

ಮೊದಲು ತೊಟ್ಟಿಯ ಒಳಗೆ ನಡೆಯುವುದನ್ನು ತಿಳಿಯಬೇಕು. ತೊಟ್ಟಿಯಲ್ಲಿರುವುದು ಗಂಧಕಾಮ್ಲ ಬೆರೆಸಿದ ಮೈಲುತುತ್ತದ ನೀಲಿ ದ್ರಾವಣ; ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ರೈತರಿಗೆ ಈ ಮೈಲುತುತ್ತ ಹೊಸದೇನಲ್ಲ. ಆ ದ್ರಾವಣದಲ್ಲಿ ಎರಡು ಲೋಹದ ಹಲಗೆಗಳು ಎದುರುಬದುರಾಗಿ ತೂಗುತ್ತಿರುತ್ತವೆ. ಒಂದು ಅಶುದ್ಧ ತಾಮ್ರದ ದಪ್ಪ ಹಲಗೆ. ವಿದ್ಯುತ್ತಿನ ಧನ ತುದಿಗೆ ಜೋಡಿಸಿದ ಅದನ್ನು ಆನೋಡ್ ಎನ್ನುತ್ತಾರೆ. ಇನ್ನೊಂದು ತೆಳುವಾದ ಹಾಳೆ. ಋಣ ತುದಿಗೆ ಜೋಡಿಸಿದ ಅದು ಕ್ಯಾಥೋಡ್. ನೇರ ವಿದ್ಯುತ್ತು ಹರಿಯತೊಡಗಿದಾಗ ಆನೋಡಿನ ತಾಮ್ರದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗಿ, ಅಂದರೆ ವಿದ್ಯುದಂಶ ಹೊತ್ತ ಕಣಗಳಾಗಿ, ದ್ರಾವಣಕ್ಕೆ ಇಳಿಯುತ್ತವೆ. ಅತ್ತ ಕ್ಯಾಥೋಡನ್ನು ತಲುಪಿದ ಅಯಾನುಗಳು ಎಲೆಕ್ಟ್ರಾನುಗಳನ್ನು ಮರಳಿ ಪಡೆದು ಲೋಹವಾಗಿ ಕೂರುತ್ತವೆ. ಹಲಗೆಯಲ್ಲಿ ಬೆರೆತಿದ್ದ ಕಬ್ಬಿಣ, ನಿಕ್ಕಲ್, ಸತು ಕರಗಿದರೂ ದ್ರಾವಣದಲ್ಲೇ ಉಳಿಯುತ್ತವೆ. ಚಿನ್ನ ಬೆಳ್ಳಿಗಳು ಕರಗುವುದೇ ಇಲ್ಲ. ಅವು ತಳಕ್ಕೆ ಉದುರಿ ಕಪ್ಪು ಕೆಸರಾಗಿ ಶೇಖರವಾಗುತ್ತವೆ. ಇದಕ್ಕೆ ಆನೋಡ್ ಕೆಸರು ಎಂದು ಹೆಸರು. ತಾಮ್ರ ಶುದ್ಧೀಕರಿಸುವ ಕಾರ್ಖಾನೆಗಳು ಈ ಕೆಸರನ್ನು ತಾಮ್ರಕ್ಕಿಂತ ಹೆಚ್ಚು ಕಾವಲಿನಲ್ಲಿ ಇಡುವುದು ಅದರ ಬೆಲೆಯ ಕಾರಣದಿಂದ.

ಆರಿಸುವ ಈ ಗುಣ ವೋಲ್ಟೇಜಿನಿಂದ ಬರುತ್ತದೆ. ಕೊಳವೆಬಾವಿಯಲ್ಲಿ ನೀರು ಆಳಕ್ಕೆ ಹೋದಷ್ಟೂ ಹೆಚ್ಚು ಬಲದ ಮೋಟಾರು ಬೇಕಾಗುವಂತೆ, ಒಂದೊಂದು ಲೋಹವನ್ನೂ ದ್ರಾವಣದಿಂದ ಮೇಲೆತ್ತಲು ಒಂದೊಂದು ಮಟ್ಟದ ವೋಲ್ಟೇಜು ಬೇಕು. ಚಿನ್ನ, ಬೆಳ್ಳಿ ಮೇಲುಮಟ್ಟದಲ್ಲೇ ಸಿಗುತ್ತವೆ. ತಾಮ್ರ ಸ್ವಲ್ಪ ಕೆಳಗೆ. ಸೀಸ, ನಿಕ್ಕಲ್, ಕೋಬಾಲ್ಟ್ ಇನ್ನೂ ಕೆಳಗೆ, ಸತು ಮತ್ತಷ್ಟು ಆಳದಲ್ಲಿ. ಅಲ್ಯೂಮಿನಿಯಂ ಮತ್ತು ಲಿಥಿಯಂ ಇರುವ ಆಳವನ್ನು ಮುಟ್ಟುವ ಮೊದಲೇ ನೀರು ತಾನೇ ಒಡೆದು ಜಲಜನಕ ಹೊರಬೀಳುವುದರಿಂದ, ನೀರಿನ ದ್ರಾವಣದಿಂದ ಅವನ್ನು ಲೋಹವಾಗಿ ಪಡೆಯಲಾಗದು. ವೋಲ್ಟೇಜನ್ನು ಸರಿಯಾದ ಮಟ್ಟದಲ್ಲಿ ನಿಲ್ಲಿಸಿದರೆ ಬೇಕಾದ ಲೋಹ ಮಾತ್ರ ಮೇಲೇಳುತ್ತದೆ.

ಇನ್ನು ಎಷ್ಟು ಲೋಹ ಕೂರುತ್ತದೆಂಬುದನ್ನು ಕರೆಂಟು ನಿರ್ಧರಿಸುತ್ತದೆ. ಈ ನಿಯಮವನ್ನು 1830ರ ದಶಕದಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದನು. ಅವನ ಲೆಕ್ಕದಂತೆ 100 ಆಂಪಿಯರ್ ಕರೆಂಟು ಸುಮಾರು ಎಂಟೂವರೆ ಗಂಟೆ ಹರಿದರೆ 1 ಕಿಲೋ ತಾಮ್ರ ಕೂರುತ್ತದೆ. ಅಷ್ಟೇ ಹೊತ್ತು ಅಷ್ಟೇ ಕರೆಂಟು ಹರಿದರೆ ಕೂರುವ ಸೀಸ 3 ಕಿಲೋಗೂ ಹೆಚ್ಚು. ಬೇಕಾದ ವೋಲ್ಟೇಜು ಬಹಳ ಕಡಿಮೆ. ದ್ರಾವಣದಲ್ಲಿ ಆಗಲೇ ಕರಗಿರುವ ತಾಮ್ರವನ್ನು ಹೊರತೆಗೆಯಲು 2 ವೋಲ್ಟು ಸಾಕು. ಕಿಲೋಗೆ ಸುಮಾರು 2 ಯೂನಿಟ್ ವಿದ್ಯುತ್ತು ಖರ್ಚಾಗುತ್ತದೆ. ಅದಿರಿನಿಂದ ಬಂದ ಅಲ್ಯೂಮಿನಾವನ್ನು ಒಡೆದು 1 ಕಿಲೋ ಅಲ್ಯೂಮಿನಿಯಂ ಪಡೆಯಲು 13ರಿಂದ 15 ಯೂನಿಟ್ ಬೇಕು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಯಾವ ಲೋಹ ಎಂಬುದನ್ನು ವೋಲ್ಟೇಜು ಆರಿಸುತ್ತದೆ, ಎಷ್ಟು ಎಂಬುದನ್ನು ಕರೆಂಟು ಅಳೆಯುತ್ತದೆ. ಇನ್ನು ಕರ್ನಾಟಕದಲ್ಲಿ ಈ ವಿದ್ಯೆ ಎಲ್ಲಿ ಬೇಕಾಗಿದೆ ಎಂಬುದನ್ನು ನೋಡಬಹುದು.

ಕೋಲಾರದ ಚಿನ್ನದ ಗಣಿಗಳಿಗೂ ಕಾವೇರಿ ತೀರದ ಈ ಸೀಮೆಗೂ ಹಳೆಯ ನಂಟಿದೆ. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಸುಮಾರು 150 ಕಿಲೋಮೀಟರ್ ಸಾಗಿ ಆ ಗಣಿಗಳನ್ನು ತಲುಪಿತು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಒಂದು ಶತಮಾನಕ್ಕೂ ಹೆಚ್ಚು ಕಾಲ ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಬಿಸುಟ ಮಣ್ಣು ಇಂದಿಗೂ ಕೆ.ಜಿ.ಎಫ್. ಪಟ್ಟಣದ ಸುತ್ತ ಬೋಳು ಗುಡ್ಡಗಳಾಗಿ ನಿಂತಿದೆ. ಅಂದಾಜು 3 ಕೋಟಿ ಟನ್ನಿಗೂ ಮೀರಿದ ಈ ರಾಶಿಯಲ್ಲಿ ಟನ್ನಿಗೆ 1 ಗ್ರಾಂಗಿಂತ ಕಡಿಮೆ ಚಿನ್ನ ಉಳಿದಿದೆ. ಇಷ್ಟು ವಿರಳವಾದ ಚಿನ್ನವನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಿ, ಇದ್ದಿಲಿಗೆ ಅಂಟಿಸಿ, ಅಲ್ಲಿಂದ ಬಿಸಿ ದ್ರಾವಣಕ್ಕೆ ಇಳಿಸಿದ ಮೇಲೆ, ಕೊನೆಗೆ ಉಕ್ಕಿನ ನಾರಿನ ಕ್ಯಾಥೋಡಿನ ಮೇಲೆ ವಿದ್ಯುತ್ತಿನಿಂದ ಕೂರಿಸುವುದು ಇಂದಿನ ಚಿನ್ನದ ಗಣಿಗಳ ರೂಢಿ. ಹಿಂದೆ ವಿದ್ಯುತ್ತಿನ ಬದಲು ಸತುವಿನ ಪುಡಿಯನ್ನು ಬಳಸುತ್ತಿದ್ದರು. ಸತು ತಾನು ಕರಗಿ ಚಿನ್ನವನ್ನು ಹೊರದೂಡುತ್ತದೆ. ಇದೂ ವಿದ್ಯುತ್ ರಾಸಾಯನಿಕ ಕ್ರಿಯೆಯೇ. ಇಲ್ಲಿ ಬೇಕಾದ ಎಲೆಕ್ಟ್ರಾನುಗಳನ್ನು ಸತುವೇ ಒದಗಿಸುತ್ತದೆ.

ಮಣ್ಣಿನ ಗುಡ್ಡಕ್ಕಿಂತ ಹಳೆಯ ಮೊಬೈಲ್ ಫೋನುಗಳ ರಾಶಿಯಲ್ಲಿ ಚಿನ್ನ ಎಷ್ಟೋ ಪಾಲು ದಟ್ಟವಾಗಿದೆ. ಒಂದು ಟನ್ ಫೋನುಗಳಲ್ಲಿ ಕೆಲವು ನೂರು ಗ್ರಾಂ ಚಿನ್ನ ಇರುತ್ತದೆ. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರ ಸಂಸ್ಥೆ, ಸರ್ಕಾರದ ಅಧಿಕೃತ ಪರವಾನಗಿ ಪಡೆದ ದೇಶದ ಮೊದಲ ವಿದ್ಯುನ್ಮಾನ ತ್ಯಾಜ್ಯ ಘಟಕವೆಂದು ಹೆಸರಾಯಿತು. ಇಂಥ ಘಟಕಗಳಲ್ಲಿ ಕೆಲಸ ಶುರುವಾಗುವುದು ಕೈಯಿಂದ. ಕಂಪ್ಯೂಟರನ್ನು ಬಿಚ್ಚಿ ಪ್ಲಾಸ್ಟಿಕ್, ಕಬ್ಬಿಣ, ತಂತಿ, ಸರ್ಕಿಟ್ ಹಲಗೆ ಎಂದು ಬೇರೆ ಬೇರೆ ಮಾಡುತ್ತಾರೆ. ಹಲಗೆಗಳನ್ನು ಕರಗಿಸಿ ಎರಕ ಹೊಯ್ದರೆ ಕಪ್ಪು ತಾಮ್ರದ ಗಟ್ಟಿ ಸಿಗುತ್ತದೆ. ಆ ಗಟ್ಟಿಯನ್ನೇ ಆನೋಡ್ ಮಾಡಿದಾಗ ತಾಮ್ರ ಕ್ಯಾಥೋಡಿಗೆ ಹೋಗಿ, ಚಿನ್ನ ಬೆಳ್ಳಿ ಕೆಸರಿಗೆ ಇಳಿಯುತ್ತವೆ. ಅದೇ ಹಲಗೆಗಳನ್ನು ಮಹಾನಗರದ ಕಿರುಕೋಣೆಗಳಲ್ಲಿ ಬರಿಗೈಯಿಂದ ಆಮ್ಲದಲ್ಲಿ ಅದ್ದಿ ಚಿನ್ನವನ್ನಷ್ಟೇ ತೆಗೆದು, ಉಳಿದ ದ್ರಾವಣವನ್ನು ಚರಂಡಿಗೆ ಚೆಲ್ಲುವುದೂ ನಡೆದಿದೆ. ಚೆಲ್ಲಿದ ಆ ನೀರಿನಲ್ಲಿ ತಾಮ್ರ, ನಿಕ್ಕಲ್, ಸೀಸ ಎಲ್ಲವೂ ಇರುತ್ತವೆ. ದುಡಿಯುವವರ ಶ್ವಾಸಕೋಶ ಸುಡುತ್ತದೆ, ಲೋಹವೂ ಮಣ್ಣುಪಾಲಾಗುತ್ತದೆ. ಇದಕ್ಕಿಂತ ದುಬಾರಿಯಾದ ಚಿನ್ನ ಇನ್ನೊಂದಿಲ್ಲ.

ಕೇಳುಗರೇ, ಚಿನ್ನದ ಮಾತು ಆಯಿತು. ಚಾಮರಾಜನಗರ ಜಿಲ್ಲೆಯಲ್ಲಿ ಚಿನ್ನಕ್ಕಿಂತ ಹೆಚ್ಚು ಚಿಂತೆಗೆ ಕಾರಣವಾಗಬೇಕಾದದ್ದು ಸೀಸ.

ಸೀಸ ಇರುವುದು ಬ್ಯಾಟರಿಯಲ್ಲಿ. ಮನೆಯ ಯು.ಪಿ.ಎಸ್., ಟ್ರ್ಯಾಕ್ಟರು, ಗೂಡ್ಸ್ ಆಟೊ, ಕಾಡಂಚಿನ ಹೊಲಗಳಿಗೆ ಆನೆ ಹಂದಿ ಬಾರದಂತೆ ಕಟ್ಟಿದ ಸೋಲಾರ್ ಬೇಲಿ, ಇವೆಲ್ಲವೂ ಸೀಸದ ಬ್ಯಾಟರಿಯನ್ನೇ ಬಹುಪಾಲು ನೆಚ್ಚಿವೆ. ಅಂಥ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ ಮತ್ತು ಸೀಸದ ಸಂಯುಕ್ತಗಳು. ಕೆಟ್ಟ ಬ್ಯಾಟರಿಯನ್ನು ಒಡೆದು ನೋಡಿದರೆ ಎರಡು ಬಗೆಯ ಸೀಸ ಕಾಣುತ್ತದೆ. ಒಂದು ಬಲೆಯಾಕಾರದ ಗಟ್ಟಿ ಲೋಹ. ಇನ್ನೊಂದು ಆ ಬಲೆಯ ಕಣ್ಣುಗಳಲ್ಲಿ ತುಂಬಿರುವ ಬೂದು ಮತ್ತು ಕಂದು ಬಣ್ಣದ ಲೇಪ. ಬಲೆ ಸುಮಾರು 330 ಡಿಗ್ರಿ ಶಾಖಕ್ಕೇ ಕರಗುತ್ತದೆ. ಆದರೆ ಲೇಪ ಸೀಸದ ಸಲ್ಫೇಟು ಮತ್ತು ಆಕ್ಸೈಡುಗಳಿಂದ ಆದದ್ದು. ಅದರಿಂದ ಲೋಹ ಬಿಡಿಸಲು ಕುಲುಮೆಯನ್ನು 1,000 ಡಿಗ್ರಿಯ ಆಸುಪಾಸಿಗೆ ಏರಿಸಬೇಕು. ಆ ಶಾಖದಲ್ಲಿ ಸೀಸದ ಧೂಮವೂ ಗಂಧಕದ ಅನಿಲವೂ ಏಳುತ್ತವೆ. ಸೋಸುವ ಯಂತ್ರಗಳಿರುವ ದೊಡ್ಡ ಕಾರ್ಖಾನೆ ಅವನ್ನು ಹಿಡಿದಿಡುತ್ತದೆ. ಊರಾಚೆಯ ಗುಂಡಿಯಲ್ಲಿ ಇದ್ದಿಲು ಹಾಕಿ ಕರಗಿಸುವ ಕಳ್ಳಗುಲುಮೆ ಅವನ್ನು ಸುತ್ತಲಿನ ಹೊಲ, ಮನೆಗಳ ಮೇಲೆ ಇಳಿಸುತ್ತದೆ. ಮಕ್ಕಳ ಮೆದುಳಿಗೆ ಸೀಸ ಮಾಡುವ ಹಾನಿ ಮರಳಿ ಸರಿಹೋಗುವಂಥದಲ್ಲ. ಅಪಾಯವಿಲ್ಲದ ಪ್ರಮಾಣವೆಂಬುದು ಸೀಸಕ್ಕೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ವಿದ್ಯುತ್ತಿನ ದಾರಿ ಇಲ್ಲಿ ಬೆಂಕಿಯನ್ನೇ ತಪ್ಪಿಸುತ್ತದೆ. ಲೇಪವನ್ನು ಮೊದಲು ಸೋಡಾ ದ್ರಾವಣದಲ್ಲಿ ತೊಳೆದು ಅದರಲ್ಲಿನ ಗಂಧಕವನ್ನು ಸೋಡಿಯಂ ಸಲ್ಫೇಟಾಗಿ ಬೇರ್ಪಡಿಸುತ್ತಾರೆ. ಉಳಿದದ್ದನ್ನು ಸೀಸ ಕರಗುವಂಥ ಆಮ್ಲದಲ್ಲಿ ಕರಗಿಸುತ್ತಾರೆ. ಗಂಧಕಾಮ್ಲದಲ್ಲಿ ಸೀಸ ಕರಗದಾದ್ದರಿಂದ ಬೇರೆ ಆಮ್ಲಗಳನ್ನು ಆರಿಸಿಕೊಳ್ಳಬೇಕಾಗುತ್ತದೆ. ಆಮೇಲೆ ಕೋಣೆಯ ಶಾಖದಲ್ಲೇ ವಿದ್ಯುತ್ತು ಹರಿಸಿದರೆ ಕ್ಯಾಥೋಡಿನ ಮೇಲೆ ಸೀಸ ಬೆಳೆಯುತ್ತದೆ. ಧೂಮವಿಲ್ಲ, ಗಂಧಕದ ಅನಿಲವಿಲ್ಲ. ತೊಡಕುಗಳೂ ಇವೆ. ಸೀಸ ಸಮತಟ್ಟಾಗಿ ಕೂರದೆ ಕವಲೊಡೆದ ಕಡ್ಡಿಗಳಾಗಿ ಮುಂದೆ ಚಾಚುತ್ತದೆ. ಒಂದು ಕಡ್ಡಿ ಎದುರಿನ ಆನೋಡನ್ನು ಮುಟ್ಟಿದರೂ ಶಾರ್ಟ್ ಆಗಿ ತೊಟ್ಟಿಯ ಕೆಲಸ ನಿಲ್ಲುತ್ತದೆ. ಬಡಗಿಗಳು ಬಳಸುವ ಅಂಟಿನಂಥ ಪದಾರ್ಥವನ್ನು ಸ್ವಲ್ಪವೇ ಬೆರೆಸಿದರೆ ಪದರ ನಯವಾಗಿ ಕೂರುತ್ತದೆಂಬುದು ನೂರು ವರ್ಷಗಳಿಗೂ ಹಿಂದಿನ ಅನುಭವ. ದೇಶದಲ್ಲಿ ಇಂದಿಗೂ ಬ್ಯಾಟರಿ ಸೀಸ ಹೆಚ್ಚಾಗಿ ಕುಲುಮೆಯಲ್ಲೇ ಕರಗುತ್ತಿದೆ. ಆದರೂ ಬೆಂಕಿಯಿಲ್ಲದ ದಾರಿಯನ್ನು ಸೀಸದ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ತುಳಿಯಬೇಕು. ಏಕೆಂದರೆ ಇಲ್ಲಿ ಉಳಿಯುವುದು ಲೋಹ ಮಾತ್ರವಲ್ಲ, ಮಕ್ಕಳ ಆರೋಗ್ಯ. ನೆರೆಯ ತಮಿಳುನಾಡಿನ ಕಾರೈಕುಡಿಯಲ್ಲಿ 1953ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆ ಇರುವುದೇ ಈ ಬಗೆಯ ವಿದ್ಯೆಗಾಗಿ. ಆ ವಿದ್ಯೆಯನ್ನು ಕಾರ್ಖಾನೆಗೆ ತರುವ ಹೊಣೆ ಬ್ಯಾಟರಿ ತಯಾರಕರ ಮೇಲೂ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಕರ್ತವ್ಯವನ್ನು ಅವರಿಗೇ ವಹಿಸಿವೆ.

ಸೀಸ ಮನೆಮನೆಯಲ್ಲಿರುವ ಲೋಹ. ಇದಲ್ಲದೆ, ಚಾಮರಾಜನಗರದ ಕಲ್ಲುಗಣಿಗಳಲ್ಲಿ ಸವೆಯುವ, ದೇಶಕ್ಕೇ ಕೊರತೆಯಾಗಿರುವ ಒಂದು ಲೋಹವಿದೆ. ಅದು ಕೋಬಾಲ್ಟ್.

ಈ ಜಿಲ್ಲೆಯ ಕರಿಕಲ್ಲು ಹೊರದೇಶಗಳವರೆಗೂ ಹೆಸರು ಮಾಡಿದೆ. ಹೊಳಪು ಕೊಟ್ಟರೆ ಕಪ್ಪಾಗಿ ಮಿಂಚುವ ಈ ಕಲ್ಲು ಸ್ಮಾರಕಶಿಲೆಗಳಿಗೆ ಬೇಡಿಕೆಯದು. ಕ್ವಾರಿಗಳಲ್ಲಿ ಅದನ್ನು ಬಂಡೆಯಿಂದ ಬಿಡಿಸಲು ಡೈಮಂಡ್ ವೈರ್ ಬಳಸುತ್ತಾರೆ. ಕೇಳುಗರು ಅದನ್ನು ಹೀಗೆ ಕಲ್ಪಿಸಿಕೊಳ್ಳಬಹುದು: ಬೆರಳಿಗಿಂತ ತೆಳ್ಳಗಿನ ಉಕ್ಕಿನ ಹಗ್ಗ, ಅದರ ಮೇಲೆ ಎರಡು ಮೂರು ಸೆಂಟಿಮೀಟರಿಗೆ ಒಂದರಂತೆ ಪೋಣಿಸಿದ, ಸುಮಾರು 1 ಸೆಂಟಿಮೀಟರ್ ದಪ್ಪದ ಮಣಿಗಳು, ಮಣಿಗಳ ನಡುವೆ ರಬ್ಬರಿನ ಹೊದಿಕೆ. ಬಂಡೆಯಲ್ಲಿ ಎರಡು ದಿಕ್ಕಿನಿಂದ ಕೊರೆದ ತೂತುಗಳು ಒಳಗೆ ಒಂದನ್ನೊಂದು ಕೂಡುತ್ತವೆ. ಅವುಗಳ ಮೂಲಕ ಹಗ್ಗವನ್ನು ತೂರಿಸಿ, ತುದಿಗಳನ್ನು ಬೆಸೆದು, ಹಳಿಯ ಮೇಲೆ ಹಿಂದೆ ಸರಿಯುವ ಯಂತ್ರಕ್ಕೆ ಸುತ್ತಿ, ನೀರು ಬಿಡುತ್ತ ಓಡಿಸಿದರೆ ಬಂಡೆ ನಿಧಾನವಾಗಿ ಸೀಳುತ್ತದೆ. ಕಲ್ಲನ್ನು ಕೊರೆಯುವುದು ಮಣಿಯಲ್ಲಿರುವ ಕೃತಕ ವಜ್ರದ ಕಣಗಳು. ಆ ಕಣಗಳನ್ನು ಹಿಡಿದಿಟ್ಟಿರುವುದು ಒತ್ತಿ ಕಾಯಿಸಿದ ಕೋಬಾಲ್ಟ್ ಪುಡಿ. ಕಲ್ಲು ಸವೆಸಿದಂತೆಲ್ಲ ಮಣಿ ತೆಳುವಾಗುತ್ತ ಬಂದು, ಕೊನೆಗೆ ಹಗ್ಗ ಗುಜರಿ ಸೇರುತ್ತದೆ. ತೂತು ಕೊರೆಯುವ ಡ್ರಿಲ್ಲಿನ ತುದಿಯಲ್ಲೂ ಕೋಬಾಲ್ಟ್ ಇದೆ. ಅಲ್ಲಿ ಅದು ಟಂಗ್‌ಸ್ಟನ್ ಕಾರ್ಬೈಡ್ ಎಂಬ ಬಹು ಗಡಸಾದ ವಸ್ತುವಿನ ಕಣಗಳನ್ನು ಬೆಸೆದಿರುತ್ತದೆ.

ಹಗ್ಗವನ್ನು ಕಬ್ಬಿಣದ ಗುಜರಿಯ ದರಕ್ಕೆ ತೂಗಿಹಾಕಿದರೆ ಕೋಬಾಲ್ಟ್ ಉಕ್ಕಿನ ಕುಲುಮೆಯಲ್ಲಿ ಕಳೆದುಹೋಗುತ್ತದೆ. ಇದು ಸಣ್ಣ ನಷ್ಟವಲ್ಲ. ಭಾರತದಲ್ಲಿ ಕೋಬಾಲ್ಟಿನ ಗಣಿಗಾರಿಕೆ ಇಲ್ಲ. ಜಗತ್ತಿನ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನ ಪಾಲು ಆಫ್ರಿಕದ ಕಾಂಗೋ ದೇಶವೊಂದರಿಂದಲೇ ಬರುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಕೋಬಾಲ್ಟೂ ಟಂಗ್‌ಸ್ಟನ್ನೂ ಇವೆ. ಇಂಥ ಖನಿಜಗಳನ್ನು ತ್ಯಾಜ್ಯದಿಂದ ಪಡೆಯುವ ಉದ್ಯಮಗಳಿಗೆಂದು 2025ರಲ್ಲಿ 1,500 ಕೋಟಿ ರೂಪಾಯಿಗಳ ಉತ್ತೇಜನ ಯೋಜನೆಗೂ ಒಪ್ಪಿಗೆ ದೊರೆಯಿತು.

ಬಿಡಿಸುವ ವಿಧಾನ ತಾತ್ವಿಕವಾಗಿ ಸರಳ. ಸವೆದ ಡ್ರಿಲ್ ತುದಿಗಳನ್ನು ಆಮ್ಲಕ್ಕೆ ಜಗ್ಗದ ಬುಟ್ಟಿಯಲ್ಲಿಟ್ಟು ಅದನ್ನೇ ಆನೋಡ್ ಮಾಡಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮುಳುಗಿಸಿ ಮಂದವಾದ ವೋಲ್ಟೇಜು ಕೊಟ್ಟರೆ, ಬೆಸುಗೆಯಾಗಿದ್ದ ಕೋಬಾಲ್ಟ್ ಕರಗಿ ಹೋಗಿ ಕಾರ್ಬೈಡ್ ಕಣಗಳು ಬುಟ್ಟಿಯಲ್ಲಿ ಉಳಿಯುತ್ತವೆ. ಚೀನಾ ಮೊದಲಾದ ದೇಶಗಳ ಉದ್ಯಮದಲ್ಲಿ ಇದು ಬಳಕೆಯಲ್ಲಿದೆ. ವೋಲ್ಟೇಜು ಹೆಚ್ಚಾದರೆ ಮೇಲ್ಮೈಯಲ್ಲಿ ಪೊರೆ ಕಟ್ಟಿ ಕರಗುವುದೇ ನಿಂತುಬಿಡುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಅವಸರ ಸಲ್ಲದು. ವಜ್ರದ ಮಣಿಗಳಲ್ಲೂ ಲೋಹ ಕರಗಿದ ಮೇಲೆ ವಜ್ರದ ಕಣಗಳು ತಳದಲ್ಲಿ ಸಿಗುತ್ತವೆ.

ತೊಡಕು ಬರುವುದು ಮುಂದಿನ ಹಂತದಲ್ಲಿ. ಕೋಬಾಲ್ಟೂ ನಿಕ್ಕಲ್ಲೂ ಹೆಚ್ಚುಕಡಿಮೆ ಒಂದೇ ವೋಲ್ಟೇಜಿನಲ್ಲಿ ಕ್ಯಾಥೋಡಿಗೆ ಬರುವುದರಿಂದ ವಿದ್ಯುತ್ತು ಅವೆರಡನ್ನು ಬೇರ್ಪಡಿಸಲಾರದು. ಬೇರೆ ರಾಸಾಯನಿಕಗಳಿಂದ ಮೊದಲು ಅಗಲಿಸಿ, ಆಮೇಲೆ ತೊಟ್ಟಿಗೆ ತರಬೇಕು. ಈಚಿನ ಮಣಿಗಳಲ್ಲಂತೂ ಬೆಲೆ ತಗ್ಗಿಸಲು ಕೋಬಾಲ್ಟಿನ ಒಂದು ಪಾಲಿಗೆ ಬದಲಾಗಿ ಕಬ್ಬಿಣ, ತಾಮ್ರ, ತವರ ಬೆರೆಸುತ್ತಾರೆ. ಹೊರನೋಟಕ್ಕೆ ಎಲ್ಲ ಮಣಿಯೂ ಒಂದೇ ಬಣ್ಣ. ಯಾವ ತಯಾರಕರ ಯಾವ ಬಗೆಯ ವೈರು ಎಂಬ ಚೀಟಿ ಹಗ್ಗದ ಜೊತೆಯಲ್ಲೇ ಗುಜರಿಯವರೆಗೂ ಹೋದರೆ ತೊಟ್ಟಿಯ ಕೆಲಸ ಅರ್ಧ ಹಗುರಾಗುತ್ತದೆ. ಆ ಚೀಟಿಯನ್ನು ಕ್ವಾರಿಯ ಮೇಸ್ತ್ರಿಯಲ್ಲದೆ ಬೇರಾರೂ ಬರೆಯಲಾರರು.

ತಾಮ್ರ, ಚಿನ್ನ, ಸೀಸ, ಕೋಬಾಲ್ಟ್ ಈ ನಾಲ್ಕರ ವಿಷಯ ಇಲ್ಲಿಯವರೆಗೆ ಬಂತು. ಬೆಳ್ಳಿಯನ್ನು ಒಂದೆರಡು ಮಾತಿನಲ್ಲಿ ಹೇಳಿ ಮುಗಿಸಬಹುದು. ಎಕ್ಸ್-ರೇ ಫಿಲ್ಮುಗಳನ್ನು ತೊಳೆದ ಹೈಪೋ ದ್ರಾವಣದಲ್ಲಿ ಲೀಟರಿಗೆ ಕೆಲವು ಗ್ರಾಂ ಬೆಳ್ಳಿ ಕರಗಿರುತ್ತದೆ. ಚಿಕ್ಕದೊಂದು ವಿದ್ಯುತ್ ಪೆಟ್ಟಿಗೆ ಅದನ್ನು ತಟ್ಟೆಯ ಮೇಲೆ ಕೂರಿಸುತ್ತದೆ. ಆಸ್ಪತ್ರೆಗಳು ಡಿಜಿಟಲ್ ಎಕ್ಸ್-ರೇಗೆ ಬದಲಾದಂತೆ ಈ ಮೂಲ ಬತ್ತುತ್ತಿದೆ. ಹಳೆಯ ಫಿಲ್ಮುಗಳ ಕಟ್ಟುಗಳಲ್ಲಿ ಮಾತ್ರ ಬೆಳ್ಳಿ ಇನ್ನೂ ಉಳಿದಿದೆ.

ಇನ್ನು ಆರಂಭದ ತಾಮ್ರದಲ್ಲಿ ಹೇಳದೆ ಉಳಿದ ಒಂದು ಮಾತು. ಕೊಳವೆಬಾವಿ ಪಂಪಿನ ಸುಟ್ಟ ಮೋಟಾರನ್ನು ರಿವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿದಾಗ ಹೊರಬರುವ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅದನ್ನು ಬಯಲಲ್ಲಿ ಸುಟ್ಟರೆ ಹೊದಿಕೆ ಬೇಗ ಹೋಗುತ್ತದೆ, ನಿಜ. ಆದರೆ ಪಿ.ವಿ.ಸಿ. ಸುಟ್ಟ ಹೊಗೆಯಲ್ಲಿ ಆಮ್ಲದ ಅನಿಲವೂ ಡಯಾಕ್ಸಿನ್ ಎಂಬ ಘೋರ ವಿಷವೂ ಇರುತ್ತವೆ. ತಂತಿಗೆ ಬೂದಿ ಅಂಟಿ ಬೆಲೆಯೂ ಇಳಿಯುತ್ತದೆ. ಚಾಕುವಿನಿಂದಲೋ ಸಣ್ಣ ಯಂತ್ರದಿಂದಲೋ ಹೊದಿಕೆ ಸುಲಿದ ತಂತಿ ಹಾಗೆಯೇ ಶುದ್ಧ ತಾಮ್ರ. ಅದಕ್ಕೆ ತೊಟ್ಟಿಯೇ ಬೇಕಿಲ್ಲ, ನೇರವಾಗಿ ಎರಕಕ್ಕೆ ಹೋಗಬಲ್ಲದು. ಹಿತ್ತಾಳೆ, ಬೆಸುಗೆಯ ಸೀಸ, ಕಬ್ಬಿಣದ ಚೂರು ಬೆರೆತ ತಾಮ್ರ ಮಾತ್ರ ಮತ್ತೆ ಆಮ್ಲದ ತೊಟ್ಟಿಯ ಹಾದಿ ಹಿಡಿಯಬೇಕಾಗುತ್ತದೆ. ಗುಜರಿ ಅಂಗಡಿಯ ನೆಲದ ಮೇಲೆ ಕೂತು ಲೋಹಗಳನ್ನು ಬೇರೆ ಬೇರೆ ರಾಶಿ ಮಾಡುವ ಹೆಂಗಸರ, ಹುಡುಗರ ಕೈಗಳು ಉಳಿಸುವ ವಿದ್ಯುತ್ತು ಯಾವ ಲೆಕ್ಕಪುಸ್ತಕಕ್ಕೂ ಏರುವುದಿಲ್ಲ. ಅವರಿಗೆ ಕೈಗವಸೂ, ಬೇರ್ಪಡಿಸಿದ ಮಾಲಿಗೆ ತಕ್ಕ ದರವೂ ಸಿಗಬೇಕಾದದ್ದು ನ್ಯಾಯ.

ಹಾಗಾದರೆ ಇಂಥ ತೊಟ್ಟಿಯನ್ನು ಊರೂರಿಗೂ ಇಡಬಹುದೇ? ಇಡಬಾರದು. ಕಾರಣ ಎರಡು. ಮೊದಲನೆಯದು ಕರೆಂಟು. ತೊಟ್ಟಿಯಲ್ಲಿ ಕರೆಂಟು ನಿಂತರೆ ಕೂತ ಲೋಹ ಆಮ್ಲದಲ್ಲಿ ಮತ್ತೆ ಮೆಲ್ಲನೆ ಕರಗತೊಡಗುತ್ತದೆ. ಸತುವಿನಲ್ಲಿ ಇದು ಬಹು ಬೇಗ, ತಾಮ್ರದಲ್ಲಿ ನಿಧಾನ. ಪಂಪ್‌ಸೆಟ್ಟಿಗೆ ಸರದಿಯ ಮೇಲೆ ಬರುವ ತ್ರೀಫೇಸ್ ಕರೆಂಟು ಈ ಕೆಲಸಕ್ಕೆ ಒಗ್ಗದು. ಎರಡನೆಯದು ಕಡೆಗೆ ಉಳಿಯುವ ನೀರು. ಲೋಹ ವಿರಳವಾದಂತೆಲ್ಲ ವಿದ್ಯುತ್ತು ಲೋಹದ ಬದಲು ನೀರನ್ನೇ ಒಡೆಯುತ್ತ ವ್ಯರ್ಥವಾಗುವುದರಿಂದ, ಕೊನೆಯ ಅಂಶವನ್ನು ತೊಟ್ಟಿ ಎತ್ತಿಕೊಡುವುದಿಲ್ಲ. ಆ ನೀರಿಗೆ ಸುಣ್ಣ ಹಾಕಿ ಲೋಹವನ್ನು ಕೆಸರಾಗಿ ಇಳಿಸಿ, ಕೆಸರನ್ನು ಒತ್ತಿ ಒಣಗಿಸಿ, ಅಪಾಯಕಾರಿ ತ್ಯಾಜ್ಯವೆಂದು ಲೆಕ್ಕವಿಟ್ಟು ಸಾಗಿಸಬೇಕು. ಆದ್ದರಿಂದ ಸಂಗ್ರಹ ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ನಡೆದು, ತೊಟ್ಟಿ ಮಾತ್ರ ಚಾಮರಾಜನಗರದ ಹತ್ತಿರದ ಬದನಗುಪ್ಪೆ ಕೈಗಾರಿಕಾ ಪ್ರದೇಶದಂಥ ಒಂದೇ ಜಾಗದಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯೊಡನೆ ಇರುವುದು ಮೇಲು. ಅಲ್ಲಿಂದ ಸುರಕ್ಷಿತ ತ್ಯಾಜ್ಯ ಗುಂಡಿಗೆ ಕೆಸರನ್ನು ಲಾರಿಯಲ್ಲಿ ದೂರ ಸಾಗಿಸಬೇಕಾಗುತ್ತದೆ. ಉದ್ಯಮಕ್ಕೆ ಕೈಹಾಕುವವರು ಒಂದು ಕಿಲೋ ಸೀಸಕ್ಕೋ ಕೋಬಾಲ್ಟಿಗೋ ಬೆಲೆ ಕಟ್ಟುವಾಗ ಆ ಲಾರಿಯ ಬಾಡಿಗೆಯನ್ನೂ ಮೊದಲೇ ಸೇರಿಸಿಕೊಳ್ಳಬೇಕಾಗುತ್ತದೆ.